ಮೂರು ಅಂಗಳ, ಒಂದೇ ದಾಳಿಂಬೆ



ನಮ್ಮ ಅಣ್ಣನ ಮಗಳು ಲಗ್ನವಾಗಿ ಕೆನಡಾದ ಟೊರೊಂಟೊ ಹತ್ತಿರ ಇರುತ್ತಾಳೆ. ಒಂದು ಭಾದ್ರಪದದಲ್ಲಿ ಅವಳು ತನ್ನ ಹಿತ್ತಲಿನ ಫೋಟೋ ಕಳಿಸಿದಳು. ನಿಂತವರ ಹೆಗಲ ಮಟ್ಟದ ಒಂದು ಸೇಬಿನ ಗಿಡ, ಅದಕ್ಕೊಂದು ಗೂಟದ ಆಸರೆ, ಮೈತುಂಬ ಕೆಂಪು ಹಣ್ಣು. ಎಣಿಸಿದೆವು, ಮೂವತ್ತೊಂದು. ಕೆಳಗೆ ಬರೆದಿದ್ದಳು: "ಕಾಕಾ, ಇಷ್ಟ ಜಾಗಾದಾಗ ಇಷ್ಟು ಹಣ್ಣು ಬಂದಾವ ನೋಡ್ರಿ. ಅವ್ವಗ ಅಕ್ಕಲಕೋಟದಾಗ ಇಂಥಾದೊಂದು ಗಿಡ ಹಚ್ಚಿ ಕೊಡ್ರಿ."

ಅವಳಿಗೆ ಬರೆದ ಉತ್ತರ ಬೆಳೆಯುತ್ತ ಬೆಳೆಯುತ್ತ ಈ ತಿಂಗಳ ಅಂಕಣವಾಯಿತು. ನಮ್ಮ ಸಮಾಜದ ಮನೆಗಳಲ್ಲಿ ಈಗ ಎರಡು ಸಂಗತಿ ಸಾಮಾನ್ಯವಾಗಿವೆ. ಮಕ್ಕಳು ಚಳಿದೇಶಕ್ಕೆ ಹೋಗಿದ್ದಾರೆ; ಊರಲ್ಲಿ ಹಿರಿಯರ ವಾಡೆ ಪಾಲಾಗಿ ಒಬ್ಬೊಬ್ಬರ ಪಾಲಿಗೆ ಹತ್ತು-ಹನ್ನೆರಡು ಫೂಟಿನ ಅಂಗಳ ಉಳಿದಿದೆ. ಗಿಡ್ಡ ಹಣ್ಣಿನ ಗಿಡದ ಮಾತು ಇಬ್ಬರಿಗೂ ಬೇಕಾದದ್ದೇ.

ಮೊದಲು ಆ ಸೇಬು ಏಕೆ ಗಿಡ್ಡಾಯಿತು ಎಂಬುದನ್ನು ನೋಡೋಣ. ಸೇಬಿನ ಮರ ತನ್ನಷ್ಟಕ್ಕೆ ಬಿಟ್ಟರೆ ಮಾಳಿಗೆ ಮೀರಿ ಬೆಳೆಯುವಂಥದು. ಆದರೆ ಸೇಬಿನಲ್ಲೇ ಸೊರಗಿದ ಬೇರಿನ ಕೆಲವು ಜಾತಿಗಳಿವೆ. ಅಂಥ ಬೇರಿನ ಮೇಲೆ ಒಳ್ಳೆಯ ಹಣ್ಣಿನ ಕಡ್ಡಿಯನ್ನು ಕಸಿ ಮಾಡಿದರೆ ಮೇಲಿನ ಗಿಡ ಎತ್ತರಕ್ಕೆ ಹೋಗುವದಿಲ್ಲ, ಬೇಗ ಹಣ್ಣು ಬಿಡುತ್ತದೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಈಸ್ಟ್ ಮಾಲಿಂಗ್ ಎಂಬಲ್ಲಿಯ ಸಂಶೋಧನ ಕೇಂದ್ರದವರು ನೂರು ವರ್ಷಗಳ ಹಿಂದೆ ಇಂಥ ಬೇರಿನ ಜಾತಿಗಳನ್ನು ಆರಿಸಿ, ಶುದ್ಧಗೊಳಿಸಿ, ಒಂದೊಂದಕ್ಕೆ ಅಂಕಿ ಕೊಟ್ಟರು. ಅವುಗಳಲ್ಲಿ ಎಂ. 9 ಎಂಬುದು ಜಗತ್ತೆಲ್ಲ ಹಬ್ಬಿದೆ. ಬೇರು ಬಲವಿಲ್ಲದ್ದರಿಂದಲೇ ಅದಕ್ಕೆ ಆಯುಷ್ಯವಿಡೀ ಗೂಟದ ಆಸರೆ ಬೇಕು. ಹತ್ತಿರದಲ್ಲಿ ಬೇರೆ ಜಾತಿಯ ಇನ್ನೊಂದು ಸೇಬು ಹೂಬಿಡದಿದ್ದರೆ ಕಾಯಿ ಕಟ್ಟುವದೂ ಕಡಿಮೆ. ನೆರೆಯವರ ಹಿತ್ತಲಲ್ಲಿ ಒಂದು ಇದೆಯೆಂದು ಆಮೇಲೆ ತಿಳಿಯಿತು.

ಅದಕ್ಕಿಂತ ದೊಡ್ಡ ಸಂಗತಿ ಚಳಿಯದು. ಸೇಬಿಗೆ ಚಳಿಗಾಲದ ನಿದ್ರೆ ಬೇಕು. ಹೆಚ್ಚಿನ ಜಾತಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಥಂಡಿ ಸಾವಿರ ತಾಸಿನ ಆಸುಪಾಸು ಸಿಗಬೇಕು. ಆಗಲೇ ವಸಂತದಲ್ಲಿ ಮೊಗ್ಗು ಸರಿಯಾಗಿ ಒಡೆಯುವದು. ಸೊಲ್ಲಾಪುರದಲ್ಲಿ ಗಡ್ಡೆಯ ಜಾತ್ರೆಯ ಹೊತ್ತಿಗೆ ರಾತ್ರಿ 12-13 ಡಿಗ್ರಿಗೆ ಇಳಿದರೆ ನಾವು ಕಿವಿಗೆ ಮಫ್ಲರು ಸುತ್ತಿಕೊಳ್ಳುವ ಜನ! ವೈಶಾಖದಲ್ಲಿ 44 ಡಿಗ್ರಿ ನಮಗೆ ಹೊಸದಲ್ಲ. ಆ ಗಿಡ ಇಲ್ಲಿ ನಿದ್ರೆಯನ್ನೇ ಕಾಣಲಾರದು.

ಈ ಮಾತಿಗೆ ಒಂದು ಅಪವಾದ ಉಂಟು. ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಕಡಿಮೆ ಚಳಿಯಲ್ಲೂ ಹಣ್ಣು ಬಿಡುವ ಸೇಬನ್ನು ಬೆಳೆಸಿದ್ದಾರೆ. ಅದಕ್ಕೆ ಎಚ್‌ಆರ್‌ಎಂಎನ್-99 ಎಂದು ಹೆಸರು. ಅವರಿಗೆ 2025ರಲ್ಲಿ ಪದ್ಮಶ್ರೀಯೂ ಬಂದಿತು. ಬಯಲುಸೀಮೆಯಲ್ಲಿ ಅದನ್ನು ಹಚ್ಚಿ ಹಣ್ಣು ಕಂಡವರಿದ್ದಾರೆ. ಎರಡನೆಯ ಅಂಗಳವಿದ್ದವರು ಹೌಸಿಗಾಗಿ ಅವಶ್ಯ ಹಚ್ಚಲಿ. ಇರುವದೇ ಒಂದು ಗುಂಡಿಯಾದರೆ ನಮ್ಮ ಮತ ಬೇರೆ.

ನಮ್ಮ ಮಣ್ಣಿನ ಗಿಡ್ಡ ಹಣ್ಣಿನ ಗಿಡ ದಾಳಿಂಬೆ. ಕಸಿ ಬೇಡ, ಪರದೇಶದ ಬೇರು ಬೇಡ. ಅದು ಮರಕ್ಕಿಂತ ಪೊದೆಗೆ ಹತ್ತಿರ. ಆಳೆತ್ತರಕ್ಕೆ ಅದನ್ನು ತಡೆಯಲು ಬೇಕಾದದ್ದು ಒಂದು ಕತ್ತರಿ ಮಾತ್ರ. (ಆ ಕತ್ತರಿಯ ಕತೆ ಮುಂದೆ ಬರುವದು.) ನೀರಿಲ್ಲದ ವರ್ಷವನ್ನೂ ತಾಳಿಕೊಳ್ಳುತ್ತದೆ. ಮಹಾರಾಷ್ಟ್ರ ಸರಕಾರ 1990ರಲ್ಲಿ ಉದ್ಯೋಗ ಖಾತ್ರಿ ಯೋಜನೆಗೆ ಹಣ್ಣಿನ ತೋಟಗಳನ್ನು ಜೋಡಿಸಿದ ಮೇಲೆ ಸಾಂಗೋಲೆಯ ಒಣಭೂಮಿಯಲ್ಲಿ ಇದೇ ಬೆಳೆ ಹಬ್ಬಿತು. 2005ರಲ್ಲಿ ದಾಳಿಂಬೆಯ ರಾಷ್ಟ್ರೀಯ ಸಂಶೋಧನ ಕೇಂದ್ರ ಸೊಲ್ಲಾಪುರದ ಕೇಗಾಂವದಲ್ಲೇ ಆಯಿತು. 2016ರಲ್ಲಿ ಸೊಲ್ಲಾಪುರದ ದಾಳಿಂಬೆಗೆ ಭೌಗೋಳಿಕ ಗುರುತೂ ದೊರೆಯಿತು. ಊರಿಗೆ ಊರೇ ಬೆಳೆಯುವ ಹಣ್ಣನ್ನು ಬಿಟ್ಟು ಪೇಟೆಯ ಮನೆಗಳಲ್ಲಿ ಕ್ರೋಟನ್ನಿನ ಕುಂಡ ಇಡುವದೇಕೋ ನಮಗೆ ತಿಳಿಯದು.

ಅಂಜೂರವೂ ಚಿಕ್ಕ ಗಿಡವೇ, ಅದನ್ನೇಕೆ ಹೇಳಲಿಲ್ಲವೆಂದು ಕೆಲವರು ಕೇಳಬಹುದು. ಪಂಚ ಉದುಂಬರಗಳ ಬಳಗದ ಹಣ್ಣು ಬಹಳಷ್ಟು ನಮ್ಮ ಮನೆಗಳಲ್ಲಿ ವರ್ಜ್ಯ, ಆದ್ದರಿಂದ ಬಿಟ್ಟೆವು.

ಅಕ್ಕಲಕೋಟದ ನಮ್ಮ ವಾಡೆಯಲ್ಲಿ ಬಾವಿಯ ಪಕ್ಕ ಒಂದು ದಾಳಿಂಬೆ ಇತ್ತು. ನಮ್ಮ ತಾಯಿ ಹಚ್ಚಿದ್ದು, ಗಣೇಶ ಜಾತಿಯದು. ಈ ಗಣೇಶ ಎಂಬುದು ಪುಣೆಯ ಗಣೇಶಖಿಂಡದ ತೋಟದಲ್ಲಿ ಡಾ. ಚೀಮಾ ಅವರು 1936ರ ಸುಮಾರಿಗೆ ಆಳಂದಿ ಜಾತಿಯಿಂದ ಆರಿಸಿದ ತಳಿ. ಬೀಜ ಮೃದು, ಕಾಳು ತಿಳಿಗುಲಾಬಿ, ರುಚಿ ಸಿಹಿ. ಈಗಿನ ಪೇಟೆಯಲ್ಲಿ ಕಡುಕೆಂಪು ಭಗವಾ ಜಾತಿಯೇ ನಡೆಯುವದು. ಗಣೇಶವನ್ನು ಕೇಳುವವರು ಕಡಿಮೆ.

2018ರ ಜನೇವರಿಯಲ್ಲಿ ವಾಡೆ ಬೀಳಿಸುವದೆಂದು ಠರಾಯಿತು. ಮುಂದಿನ ಭಾಗ ಅಂಗಡಿಗಳಿಗೆ, ಹಿಂದಿನದು ತಮ್ಮನಿಗೆ, ಮೇಲಿನ ಮನೆ ವೈನಿಯವರಿಗೆ. ಅಣ್ಣ ಆಗಲೇ ತೀರಿಕೊಂಡಿದ್ದರು. ನಾವು ಸೊಲ್ಲಾಪುರದಲ್ಲಿ ಧಂದೆ ಮಾಡಿಕೊಂಡಿದ್ದವರು ರೊಕ್ಕದ ರೂಪದಲ್ಲಿ ಪಾಲು ತೆಗೆದುಕೊಂಡೆವು. ಆ ಲೆಕ್ಕದ ವಿಷಯದಲ್ಲಿ ನಮಗೂ ತಮ್ಮನಿಗೂ ಮಾತು ಬೆಳೆಯಿತು. ವ್ಯಾಪಾರಿ ಮನೆತನದವರಿಗೆ ಇದನ್ನು ಬಿಡಿಸಿ ಹೇಳುವ ಕಾರಣವಿಲ್ಲ. ಗಿಡ ಯಾರ ಪಾಲಿಗೂ ಬರಲಿಲ್ಲ. ಅದು ನಿಂತ ಜಾಗ ಅಂಗಡಿಯ ಪಾಯಾಕ್ಕೆ ಹೋಯಿತು. ಕಡಿಯುವ ಹಿಂದಿನ ದಿನ ವೈನಿಯವರೇ ಪೆನ್ಸಿಲಿನಷ್ಟು ದಪ್ಪದ, ಗೇಣುದ್ದದ ಹನ್ನೆರಡು ಕಡ್ಡಿ ಕತ್ತರಿಸಿ, ಉಸುಕು ತುಂಬಿದ ಚೀಲಗಳಲ್ಲಿ ಹಚ್ಚಿ ನೆರಳಿಗಿಟ್ಟರು. ಬಲಿತ ಕಡ್ಡಿಗೆ ಅದು ಒಳ್ಳೆಯ ಕಾಲ. ಏಳು ಚಿಗಿತವು. ಮೃಗಶಿರೆಯ ಹೊತ್ತಿಗೆ ಮೂರು ಮನೆಗೂ ಹಂಚಿದರು. ತಮ್ಮನ ಹಿತ್ತಲಿಗೆ ಒಂದು, ನಮ್ಮ ಸೊಲ್ಲಾಪುರದ ಅಂಗಳಕ್ಕೆ ಒಂದು, ತಮ್ಮ ಮಾಳಿಗೆಯ ಮೇಲೆ ಡ್ರಮ್ಮಿನಲ್ಲಿ ಒಂದು. ಉಳಿದವು ಬೀಗರ ಮನೆಗೆ ಹೋದವು.

ಹಚ್ಚುವ ರೀತಿ ಹೀಗೆ. ಎರಡು ಫೂಟು ಉದ್ದ, ಅಗಲ, ಆಳದ ಗುಂಡಿ. ನಮ್ಮ ಎರೆಮಣ್ಣು ನೀರು ಹಿಡಿದರೆ ಬಿಡುವದಿಲ್ಲ, ದಾಳಿಂಬೆಗೆ ನಿಂತ ನೀರು ಆಗದು. ಆದ್ದರಿಂದ ಮಣ್ಣಿನಷ್ಟೇ ಮುರುಮ, ಅಷ್ಟೇ ಹಳೆಯ ಸಗಣಿಗೊಬ್ಬರ, ಮೇಲೆ ಎರಡು ಬೊಗಸೆ ಬೇವಿನ ಹಿಂಡಿ. ಅಂಗಡಿಯವರು ಎಲುಬಿನ ಪುಡಿ ಹಾಕಿರೆಂದು ಹೇಳುತ್ತಾರೆ. ಅದಿಲ್ಲದೆ ನಮ್ಮ ಗಿಡಗಳಿಗೆ ಏನೂ ಕಡಿಮೆಯಾಗಿಲ್ಲ. ಗೋಡೆಯಿಂದ ನಾಲ್ಕೈದು ಫೂಟು ದೂರ, ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳುವಲ್ಲಿ ಹಚ್ಚಬೇಕು. ಡ್ರಮ್ಮಾದರೆ ಎರಡು ಫೂಟು ಅಗಲದ್ದಿರಲಿ, ತಳಕ್ಕೆ ನಾಲ್ಕೈದು ತೂತು ಇರಲಿ. ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು: ಕುಂಡದಲ್ಲಿ ಚಿಕ್ಕ ಚಿಕ್ಕ ಹೂವಿನಿಂದ ಚೆಂದ ಕಾಣುವ ಗಿಡ್ಡ ದಾಳಿಂಬೆ ಶೋಭೆಯ ಜಾತಿಯದು. ಅದರ ಕಾಯಿ ಲಿಂಬಿಯಷ್ಟೇ ಆಗುವದು. ಎಸಳು ಒತ್ತೊತ್ತಾಗಿರುವದಂತೂ ಕಾಯಿಯನ್ನೇ ಬಿಡದು.

ಬುಡದಿಂದ ಮೂರು-ನಾಲ್ಕು ಕಾಂಡ ಬಿಟ್ಟು ಮಿಕ್ಕ ಚಿಗುರನ್ನೆಲ್ಲ ತೆಗೆಯುತ್ತಿರಬೇಕು. ಒಂದೇ ಕಾಂಡ ಬಿಟ್ಟು ಅದಕ್ಕೇನಾದರೂ ಆದರೆ ಗಿಡವೇ ಹೋದಂತೆ. ಮೊದಲ ಎರಡು ವರ್ಷ ಹೂವು ಬಂದರೆ ಚಿವುಟುವದು. ಇದಕ್ಕೆ ಮನೆಯವರ ಮನಸ್ಸು ಒಪ್ಪುವದಿಲ್ಲ. ನಮ್ಮ ಮನೆಯಲ್ಲೂ ಒಪ್ಪಲಿಲ್ಲ. ಮೂರನೆಯ ವರ್ಷದಿಂದ ಹಣ್ಣು ಬಿಡಬಹುದು. ವರ್ಷಕ್ಕೊಮ್ಮೆ ತುದಿ ಕತ್ತರಿಸಿ, ಒಳಗೆ ಹೆಣೆದ ಟಿಸಿಲು ತೆಗೆದರೆ ಗಿಡ ಆರೇಳು ಫೂಟಿನಲ್ಲೇ ನಿಲ್ಲುವದು.

ಇನ್ನು ಆ ಕತ್ತರಿಯ ಮಾತು. 2021ರ ಮಳೆಗಾಲದಲ್ಲಿ ನಮಗೆ ಆಸೆ ಹೆಚ್ಚಾಯಿತು. ಗಣೇಶದ ಪಕ್ಕ ಒಂದು ಭಗವಾ ಇರಲೆಂದು ರಸ್ತೆ ಬದಿಯ ಒಂದು ನರ್ಸರಿಯಿಂದ ಅಗ್ಗದ ಸಸಿ ತಂದು ಹಚ್ಚಿದೆವು. ಶ್ರಾವಣದಲ್ಲಿ ಅದರ ಎಲೆಯ ಮೇಲೆ ಎಣ್ಣೆ ಹನಿಸಿದಂಥ ಚುಕ್ಕೆ ಕಂಡವು. ರೈತರು ಇದಕ್ಕೆ ತೇಲ್ಯಾ ಎನ್ನುತ್ತಾರೆ, ಕನ್ನಡದ ಕೃಷಿ ಪುಸ್ತಕಗಳಲ್ಲಿ ದುಂಡಾಣು ಅಂಗಮಾರಿ ಎಂದಿದೆ. ಸೊಲ್ಲಾಪುರದ ಎಷ್ಟೋ ತೋಟಗಳನ್ನು ಕಿತ್ತುಹಾಕಿಸಿದ ರೋಗವಿದು. ನಾವು ಚುಕ್ಕೆಯಿದ್ದ ಟೊಂಗೆ ಕತ್ತರಿಸಿ ಒಗೆದು, ಮುಗಿಯಿತೆಂದು ತಿಳಿದೆವು. ದೀಪಾವಳಿಗೆ ಅಕ್ಕಲಕೋಟಕ್ಕೆ ಹೋದಾಗ ಅದೇ ಕತ್ತರಿ ಚೀಲದಲ್ಲಿತ್ತು. ತಮ್ಮನೊಂದಿಗೆ ಮೂರು ವರ್ಷದ ಮೇಲೆ ಮಾತು ಸುರುವಾಗಿತ್ತು. ಏನಾದರೂ ಕೆಲಸ ಮಾಡಿಕೊಡಬೇಕೆನಿಸಿತು. ಅವನ ಗಿಡ ಅಡ್ಡಾದಿಡ್ಡಿ ಬೆಳೆದಿದ್ದನ್ನು ನೋಡಿ ನಾವೇ ನಿಂತು ಕತ್ತರಿಸಿಕೊಟ್ಟೆವು.

2022ರ ಮಳೆಗೆ ಅವನ ಗಿಡದ ಕಾಯಿಗಳ ಮೇಲೆ ಕಪ್ಪು ಚುಕ್ಕೆ ಮೂಡಿ, ಇಂಗ್ಲಿಷಿನ ವೈ ಅಕ್ಷರದಂತೆ ಸೀಳಿದವು. ಹಂಗಾಮಿನ ಇಪ್ಪತ್ತು ಕಾಯಲ್ಲಿ ಒಂದೂ ಕೈಗೆ ಬರಲಿಲ್ಲ. ನಮ್ಮ ಅಂಗಳದ ಗಣೇಶವೂ ಹಾಗೆಯೇ. ಈ ರೋಗದ ದುಂಡಾಣು ಮಳೆಯ ಹನಿ ಸಿಡಿದು ಹತ್ತಿರದ ಗಿಡಕ್ಕೆ ಹೋಗುತ್ತದೆ. ದೂರದ ಗಿಡಕ್ಕೆ ರೋಗದ ಸಸಿಯ ಮೂಲಕ ಅಥವಾ ಕತ್ತರಿಯ ಅಲಗಿನ ಮೇಲೆ. ಒಣ ಹಂಗಾಮಿನಲ್ಲಿ ಕಾಂಡದ ಗೆಣ್ಣಿನಲ್ಲಿ ಅಡಗಿದ್ದು ಮಳೆ ಬಿದ್ದೊಡನೆ ಎದ್ದು ಬರುತ್ತದೆ. ಅಕ್ಕಲಕೋಟಕ್ಕೆ ನಲವತ್ತು ಕಿಲೋಮೀಟರು ಅದನ್ನು ಒಯ್ದದ್ದು ನಮ್ಮ ಕೈ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಫೋನಿನಲ್ಲಿ ತಮ್ಮನಿಗೆ ಹಾಗೆಂದೇ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಿಡ ಕಿತ್ತಲೋ, ಇಡಲೋ, ಅಷ್ಟ ಹೇಳ್ರಿ" ಎಂದ.

ತಿಳಿದವರನ್ನು ಕೇಳಿಕೊಂಡು ಇಡು ಎಂದೆವು. ಮಳೆ ನಿಂತ ಮೇಲೆ ಎರಡೂ ಗಿಡಗಳನ್ನು ಮೊಣಕಾಲ ಮಟ್ಟಕ್ಕೆ ಕತ್ತರಿಸಿದೆವು. ಈ ಸಲ ಒಂದೊಂದು ಟೊಂಗೆಗೂ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ. ಕತ್ತರಿಸಿದ ಬಾಯಿಗೆಲ್ಲ ಬೋರ್ಡೋ ಲೇಪ. ಆಮೇಲೆ ಚಿಗುರಿನ ಮೇಲೆ ಶೇಕಡಾ ಒಂದರ ಬೋರ್ಡೋ ದ್ರಾವಣ. ಅಂದರೆ ಒಂದು ಲೀಟರು ನೀರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬೇಡ, ಕಲಸಿದ ದಿನವೇ ಮುಗಿಸಬೇಕು. ಭಗವಾ ಸಸಿಯನ್ನು ಬೇರುಸಹಿತ ತೆಗೆದೆವು. ರೋಗದ ಟೊಂಗೆ ಸುಡುವದೋ ಹೂಳುವದೋ ಎಂದು ಮನೆಯಲ್ಲಿ ಚರ್ಚೆಯಾಗಿ, ಟೊಂಗೆಯಲ್ಲಿರುವ ಇರುವೆ ಮೊದಲಾದವು ಇಳಿದು ಹೋಗಲೆಂದು ಒಂದು ದಿನ ದೂರ ಬಿಸಿಲಿಗಿಟ್ಟು, ಝಾಡಿಸಿ, ಆಮೇಲೆ ಆಳವಾಗಿ ಹೂಳಿದೆವು. ವೈನಿಯವರ ಡ್ರಮ್ಮಿನ ಗಿಡಕ್ಕೆ ಏನೂ ಆಗಿರಲಿಲ್ಲ. ಅವರು ಅದಕ್ಕೆ ತಮ್ಮ ಕತ್ತರಿ ಬಿಟ್ಟು ಬೇರೆಯದನ್ನು ಮುಟ್ಟಿಸುವದಿಲ್ಲ, ಈಗಂತೂ ನಮ್ಮನ್ನು ಮಾಳಿಗೆ ಹತ್ತಿಸುವ ಮುಂಚೆ ಕೈ ತೊಳೆಸುತ್ತಾರೆ.

ಹೂವಿನ ವಿಷಯದಲ್ಲಿ ಬಹಳ ಜನ ಗಾಬರಿಯಾಗುತ್ತಾರೆ. ಉದುರುವ ಹೂವೆಲ್ಲ ನಷ್ಟವಲ್ಲ. ದಾಳಿಂಬೆಯಲ್ಲಿ ಎರಡು ಬಗೆಯ ಹೂವು. ಗಂಟೆಯಾಕಾರದ, ಬುಡ ಸಣ್ಣಗಿರುವದು ಗಂಡು, ಅದು ಉದುರುವದೇ. ತಂಬಿಗೆಯಂತೆ ಬುಡ ಉಬ್ಬಿದ್ದು ಕಾಯಿ ಕಟ್ಟುವದು.

ನೀರು ಕೊಡುವದಕ್ಕಿಂತ ನೀರು ನಿಲ್ಲಿಸುವದನ್ನು ಕಲಿಯುವದು ಕಠಿಣ. ದಾಳಿಂಬೆ ನಮ್ಮಲ್ಲಿ ವರ್ಷವಿಡೀ ಅಷ್ಟಷ್ಟು ಹೂಬಿಡುತ್ತ ಇರುವ ಗಿಡ. ಅದನ್ನು ಒಂದು ಹಂಗಾಮಿಗೆ ತರಲು ಕೆಲವು ವಾರ ನೀರು ತಪ್ಪಿಸಿ, ಎಲೆ ಹಳದಿಯಾಗಿ ಉದುರಲು ಬಿಟ್ಟು, ಕತ್ತರಿಸಿ, ಗೊಬ್ಬರ ಕೊಟ್ಟು, ಮತ್ತೆ ನೀರು ಬಿಡುತ್ತಾರೆ. ಇದಕ್ಕೆ ಬಹಾರ ಹಿಡಿಯುವದು ಎನ್ನುತ್ತಾರೆ. ಚಳಿದೇಶದಲ್ಲಿ ಥಂಡಿ ಕೊಡುವ ನಿದ್ರೆಯನ್ನು ಇಲ್ಲಿ ನೀರಡಿಕೆಯಿಂದ ಕೊಡುವದು, ಅಷ್ಟೇ. ಜನೇವರಿಯಲ್ಲಿ ನೀರು ಬಿಟ್ಟರೆ ಆಂಬೆ ಬಹಾರ, ಹಣ್ಣು ಆಷಾಢ-ಶ್ರಾವಣಕ್ಕೆ. ಜೂನಿನ ಮಳೆಗೆ ಹೂವಾದರೆ ಮೃಗ ಬಹಾರ, ಹಣ್ಣು ಚಳಿಗಾಲಕ್ಕೆ. ಹಸ್ತೆಯ ಮಳೆಯ ಹೊತ್ತಿನದು ಹಸ್ತ ಬಹಾರ. ಮೃಗ ಬಹಾರಕ್ಕೆ ನೀರಿನ ಖರ್ಚಿಲ್ಲ, ಆದರೆ ಕಾಯಿ ಬೆಳೆಯುವದೇ ಮಳೆಯಲ್ಲಿ. ತೇಲ್ಯಾದ ಕಾಲವೂ ಅದೇ. ಮನೆಯ ಒಂದು ಗಿಡಕ್ಕೆ ಆಂಬೆ ಬಹಾರವೇ ಮೇಲೆಂದು ನಮ್ಮ ಅನುಭವ. ಚಾತುರ್ಮಾಸ ಕೂಡುವ ಹೊತ್ತಿಗೆ ಮನೆಯ ಹಣ್ಣೂ ಸಿಗುವದು.

ಅದಕ್ಕೆ ಬೇಸಿಗೆಯ ನೀರು ಬೇಕಲ್ಲ? ಸೊಲ್ಲಾಪುರ ಅನೇಕ ವರ್ಷ ನಾಲ್ಕೈದು ದಿನಕ್ಕೊಮ್ಮೆ ನಳ ಕಂಡ ಊರು. ನಾವು ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಒಂದು ಬಕೀಟಿಗೆ ಕೂಡಿಸುತ್ತೇವೆ. ಏಪ್ರಿಲ್-ಮೇದಲ್ಲಿ ಅದರ ಮೇಲೆ ದಿನಕ್ಕೊಂದು ಕೊಡ, ಬೆಳಗಿನ ಹೊತ್ತು. ಬುಡಕ್ಕೆ ಶೇಂಗಾ ಸಿಪ್ಪೆ, ಜೋಳದ ಕಣಿಕೆ ನಾಲ್ಕು ಬೆರಳು ದಪ್ಪ ಹಾಸಿದರೆ ತಂಪು ಉಳಿಯುವದು. ನೀರು ಸೋಸುವ ಯಂತ್ರದಿಂದ ಹೊರಬೀಳುವ ನೀರಿನಲ್ಲಿ ಉಪ್ಪಿನ ಅಂಶ ಕೂಡಿರುವದರಿಂದ ಅದೊಂದನ್ನೇ ಹಾಕಬಾರದು. ಮುಖ್ಯ ಮಾತು, ಕಾಯಿ ಬಂದ ಮೇಲೆ ನೀರಿನ ಪಾಳಿ ತಪ್ಪಬಾರದು. ವಾರಗಟ್ಟಲೆ ಒಣಗಿಸಿ ಒಮ್ಮೆಲೆ ತುಂಬಿಸಿದರೆ ಕಾಯಿ ಬಿರಿಯುತ್ತದೆ. ಮೇದಲ್ಲಿ ಲಗ್ನಗಳಿಗೆ ಊರು ಬಿಡುವವರು ಯಾರಿಗಾದರೂ ಹೇಳಿ ಹೋಗಬೇಕು. ಡ್ರಮ್ಮಿನ ಗಿಡವನ್ನು ನೆಲದ ಗಿಡದಷ್ಟು ದಿನ ಒಣಗಿಸಬಾರದು, ಅದು ಬೇಗ ಸೊರಗುವದು.

ಹುಳುವಿನ ಮಾತು ನಮ್ಮಂಥವರಿಗೆ ಹೆಚ್ಚಿನದು. ಒಂದು ಚಿಟ್ಟೆ ಹೂವು, ಎಳೆಗಾಯಿಗಳ ಮೇಲೆ ಮೊಟ್ಟೆಯಿಡುತ್ತದೆ, ಮರಿ ಕೊರೆದು ಒಳಗೆ ಹೋಗುತ್ತದೆ. ಹಣ್ಣು ಬಿಡಿಸಿದಾಗ ಒಳಗೆ ಜೀವ ಕಂಡು ನಮ್ಮ ಹೆಣ್ಣುಮಕ್ಕಳು ಆ ದಿನ ಊಟವನ್ನೇ ಬಿಟ್ಟದ್ದುಂಟು. ಔಷಧ ಹೊಡೆಯದೆ ಇರುವ ಉಪಾಯ ಒಂದೇ, ಚೀಲ ಕಟ್ಟುವದು. ಕಾಯಿ ಲಿಂಬಿಯಷ್ಟಾದಾಗ ಅದರ ಕಿರೀಟದೊಳಗಿನ ಒಣ ಕೇಸರ ತೆಗೆದು, ತೂತಿಲ್ಲವೆಂದು ನೋಡಿ, ಹಳೆಯ ಧೋತರದ ಬಟ್ಟೆಯ ಬಿಳಿ ಚೀಲ ಹಾಕಿ ತೊಟ್ಟಿಗೆ ಸಡಿಲಾಗಿ ಕಟ್ಟಬೇಕು. ತಡಮಾಡಿದರೆ ಹುಳುವನ್ನು ಒಳಗೇ ಕೂಡಿಹಾಕಿದಂತೆ. ಪಡುವಲ ಬಿಸಿಲಿಗೆ ಕಾಯಿ ಸುಡುವದೂ ಇದರಿಂದ ನಿಲ್ಲುವದು, ಅಳಿಲು-ಗಿಳಿಗಳ ಕಾಟವೂ ಕಡಿಮೆ. ಒಂದು ಅಂಗಳದ ಗಿಡಕ್ಕೆ ಇಪ್ಪತ್ತು ಚೀಲ, ಮಧ್ಯಾಹ್ನದ ಎರಡು ತಾಸಿನ ಹೊಲಿಗೆ.

ಹೂವಿನಿಂದ ಹಣ್ಣಿಗೆ ಐದೂವರೆ-ಆರು ತಿಂಗಳು. ಕಿತ್ತ ಮೇಲೆ ದಾಳಿಂಬೆ ಮಾಗುವದಿಲ್ಲ, ಆದ್ದರಿಂದ ಅವಸರ ಕೂಡದು. ಗುಂಡಗಿದ್ದದ್ದು ಮೂಲೆ ಮೂಲೆಯಾಗುವದು, ಬೆರಳಿನಿಂದ ಬಡಿದರೆ ಕಂಚಿನಂತೆ ಸಪ್ಪಳ ಬರುವದು. ಆಗ ತೊಟ್ಟನ್ನು ಜಗ್ಗದೆ ಕತ್ತರಿಸಬೇಕು, ತೊಳೆದ ಕತ್ತರಿಯಿಂದ.

2024ರ ಶ್ರಾವಣದಲ್ಲಿ ತಮ್ಮನ ಗಿಡ ಮತ್ತೆ ಹದಿನಾಲ್ಕು ಹಣ್ಣು ಕೊಟ್ಟಿತು. ಒಂದು ಡಬ್ಬಿಯಲ್ಲಿ ಏಳು ತುಂಬಿ ಎಸ್.ಟಿ. ಬಸ್ಸಿನಲ್ಲಿ ಪರಿಚಯದವರ ಕೈಯಲ್ಲಿ ಕಳಿಸಿದ. ಚೀಟಿ ಇರಲಿಲ್ಲ.

ಕೆನಡಾದ ಮಗಳಿಗೆ ಈಗ ಸೇಬು ಸಾಲದಾಗಿದೆ. "ಅವ್ವನ ದಾಳಿಂಬರಿ ಇಲ್ಲಿ ಹಚ್ಚಲಿಕ್ಕೆ ಬರತದೇನ್ರಿ ಕಾಕಾ?" ಎಂದಳು. ಕಡ್ಡಿಯನ್ನು ಚೀಲದಲ್ಲಿಟ್ಟು ಒಯ್ಯುವದು ಕಾಯದೆಗೆ ವಿರುದ್ಧ. ಪರವಾನಗಿಯಿಲ್ಲದೆ ಸಸಿ ಆ ದೇಶದೊಳಗೆ ಹೋಗಲಾರದು. ಕತ್ತರಿಯ ಕತೆ ಕೇಳಿದ ಮೇಲೆ ಆ ಕಾಯದೆ ಏಕೆಂದು ಅವಳಿಗೆ ತಿಳಿಸಿ ಹೇಳಬೇಕಾಗಲಿಲ್ಲ. ಅಲ್ಲಿಯೇ ಚಳಿ ತಾಳುವ ಸಾಲಾವಾತ್ಸ್ಕಿ ಎಂಬ ರಶಿಯನ್ ಹೆಸರಿನ ಜಾತಿ ಸಿಗುವದು, ಅದನ್ನು ಕುಂಡದಲ್ಲಿ ಹಚ್ಚಲು ಹೇಳಿದೆವು. ದಾಳಿಂಬೆ ಸಾಧಾರಣ ಹಿಮವನ್ನು ತಾಳೀತು, ಆದರೆ ಟೊರೊಂಟೊದ ಮಾಘವನ್ನಲ್ಲ. ಆದ್ದರಿಂದ ಚಳಿ ಹೆಚ್ಚಾಗುವ ಮುಂಚೆ ಕುಂಡವನ್ನು ಕಾಯಿಸದ ಮೋಟಾರಿನ ಕೋಣೆಯಲ್ಲಿ, ನೀರು ಹೆಪ್ಪುಗಟ್ಟದಷ್ಟು ಥಂಡಿಯಲ್ಲಿಟ್ಟು, ತಿಂಗಳಿಗೆ ಎರಡು ಬಾರಿ ಒಂದೊಂದು ಲೋಟ ನೀರು ಕೊಡಬೇಕು.

ಡಿಸೆಂಬರಿನಲ್ಲಿ ಒಂದು ರಾತ್ರಿ ಅವಳ ಫೋನು ಬಂತು. ಎಲೆಯೆಲ್ಲ ಉದುರಿ ಕಡ್ಡಿ ಉಳಿದಿದೆ, ಗಿಡ ಸತ್ತಿತು ಎಂದು ಅಳುವ ದನಿ. ವೈನಿಯವರು ನಮ್ಮ ಕೈಯಿಂದ ಫೋನು ಇಸಿದುಕೊಂಡು, "ಉಗುರಲೇ ತೊಗಟಿ ಕೆರದು ನೋಡವಾ" ಎಂದರು. ಆ ಕಡೆ ಸ್ವಲ್ಪ ಹೊತ್ತು ಸಪ್ಪಳವಿಲ್ಲ. ಆಮೇಲೆ ಅವಳೆಂದಳು: "ಹಸರು ಅದ, ಅವ್ವಾ."